ನನಗೊಬ್ಬಳಿಗೇ ಬಂದ ಘಾಟು

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಕಾರು ಬ್ಯಾಡಗಿಯ ಕಡೆ ಹೊರಳಿತು. ಹೊರಳಿದ್ದೇ ತಡ, ನಾನು ನನ್ನ ಕಡೆಯ ಗಾಜನ್ನು ಪೂರ್ತಿ ಏರಿಸಿದೆ. ಹಿಂದೆ ಕೂತಿದ್ದ ಅತ್ತೆ, "ಯಾಕ ಗಿರಿಜವ್ವಾ, ಉಸಿರು ಕಟ್ಟಿದಂಗ ಆಗತೈತಿ, ಜರಾ ಗಾಳಿ ಬರಲಿ ಬಿಡು" ಎಂದರು. ನಾನು ಬಿಡಲಿಲ್ಲ. ಗಂಡ ಒಮ್ಮೆ ನನ್ನ ಮುಖ ನೋಡಿ, ತಮ್ಮ ಕಡೆಯ ಗಾಜನ್ನೂ ಏರಿಸಿದರು. ಮಾತಿಲ್ಲ, ಕತೆಯಿಲ್ಲ. ನಮ್ಮ ಮನೆಯಲ್ಲಿ ಮಾತಿನ ಪಾಲು ಮೊದಲಿನಿಂದಲೂ ನನ್ನದೇ.

ನೀವು ನಗಬಹುದು. ಬ್ಯಾಡಗಿಗೆ ಹೊರಟವಳು ಮೆಣಸಿನಕಾಯಿ ವಾಸನೆಗೆ ಹೆದರಿ ಗಾಜು ಏರಿಸುವುದೇ? ಅಲ್ಲ ರೀ, ವಾಸನೆಗೆ ಹೆದರುವವಳು ನಾನಲ್ಲ. ಮದುವೆಯಾಗಿ ಬಂದಾಗಿನಿಂದ ಅದನ್ನೇ ಉಂಡು, ಅದನ್ನೇ ಉಸಿರಾಡಿ ಬದುಕಿದವಳು. ನನ್ನ ಹೆದರಿಕೆ ಬೇರೆ. ಆ ವಾಸನೆ ಕಾರಿನಲ್ಲಿರುವ ಮೂವರಿಗೂ ಬಂದರೆ ಅದು ಬ್ಯಾಡಗಿ. ನನಗೊಬ್ಬಳಿಗೇ ಬಂದರೆ ಅದು ನನ್ನ ತಲೆಯೊಳಗಿನದು. ಹಿಂದೊಂದು ಸುಗ್ಗಿಯಲ್ಲಿ ಅದು ನನಗೊಬ್ಬಳಿಗೇ ಬಂದಿತ್ತು. ಅದರ ಸಲುವಾಗಿ ಊರು ಬಿಟ್ಟವಳು ಇಲ್ಲಿಯವರೆಗೆ ಈ ರಸ್ತೆಗೆ ಕಾಲಿಟ್ಟಿರಲಿಲ್ಲ.

ಆ ವರ್ಷ ಮೆಣಸಿನಕಾಯಿ ಬಲು ಚೆಂದ ಬಂದಿತ್ತು. ಮೈಯೆಲ್ಲ ಸುಕ್ಕು, ಬಣ್ಣವೆಂದರೆ ಕಣ್ಣಿಗೆ ಹೊಡೆಯುವ ಕೆಂಪು. ಸೋಮವಾರ, ಗುರುವಾರ ಬಂತೆಂದರೆ ಮಾರುಕಟ್ಟೆಯಲ್ಲಿ ಚೀಲಗಳ ಮೇಲೆ ಚೀಲ. ನಮ್ಮವರದು ದಲಾಲಿ ಅಂಗಡಿ. ಅದರ ಹಿಂದಿನ ಶೆಡ್ಡು ನನ್ನದು. ಅಲ್ಲಿ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ, ಬಿಳಿಚಿದ್ದು, ಮುರಿದದ್ದು ಬೇರೆ ಮಾಡುತ್ತಾರೆ. ಅಷ್ಟೂ ಜನರ ಮೇಲೆ ನನ್ನ ಬಾಯಿ. ಶೆಡ್ಡಿನ ಈ ತುದಿಯಲ್ಲಿ ನಿಂತು ಆ ತುದಿಯವಳನ್ನು ಬೈದರೆ ನಡುವಿನವರು ನಗುತ್ತಿದ್ದರು, ಬೈಸಿಕೊಂಡವಳೂ ನಗುತ್ತಿದ್ದಳು. ಕೂತಲ್ಲಿ ಕೂಡುವ ಜಾತಿ ನನ್ನದಲ್ಲ. ಅತ್ತೆ ನನ್ನನ್ನು ನೋಡಿ, "ಇಕಿ ಕಾಲಾಗ ಚಕ್ರ ಐತಿ, ಬಾಯಾಗ ಭೋಂಗಾ ಐತಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಸಂಕ್ರಾಂತಿಗೆ ಇನ್ನೂ ಸ್ವಲ್ಪ ದಿನವಿತ್ತು. ತಕ್ಕಡಿಯ ಹತ್ತಿರ ನಿಂತಿದ್ದೆ. ಇದ್ದಕ್ಕಿದ್ದಂತೆ ಒಗ್ಗರಣೆಯಲ್ಲಿ ಮೆಣಸಿನಕಾಯಿ ಹೊತ್ತಿ ಕರಕಾದ ವಾಸನೆ ಮೂಗಿಗೆ ಬಡಿಯಿತು. ಶೆಡ್ಡಿನ ದಿನದ ಘಾಟಲ್ಲ ಅದು, ಸುಟ್ಟದ್ದು. ಅದರ ಬೆನ್ನಿಗೇ ಹೊಟ್ಟೆಯೊಳಗಿಂದ ಏನೋ ಎದ್ದು ಎದೆಗೆ ಬಂದಂತಾಯಿತು. ಆಮೇಲೆ ಒಂದು ವಿಚಿತ್ರ: ಈ ತಕ್ಕಡಿ, ಈ ಚೀಲ, ಅಲ್ಲಿ ಕೂತ ಹೆಂಗಸು ಸೆರಗು ಸರಿಮಾಡಿಕೊಳ್ಳುವುದು, ಎಲ್ಲ ಹಿಂದೆ ಒಮ್ಮೆ ಹೀಗೇ ನಡೆದಿತ್ತು ಅನಿಸಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. "ಯಾರ ಬೇ ಒಲಿ ಹಚ್ಚಿದವರು?" ಎಂದು ಕೂಗಿದೆ. ಯಾರೂ ಒಲೆ ಹಚ್ಚಿರಲಿಲ್ಲ.

ಮತ್ತೆರಡು ದಿನಕ್ಕೆ ಮತ್ತೆ ಬಂತು. ಆಮೇಲೆ ಹತ್ತಿರ ಹತ್ತಿರ ಬರತೊಡಗಿತು. ಅತ್ತೆಗೆ ಹೇಳಿದೆ.

"ಬ್ಯಾಡಗ್ಯಾಗ ಮೆಣಸಿನಕಾಯಿ ಘಾಟು ಬಾರದ ಮತ್ತೇನು ಮಲ್ಲಿಗಿ ವಾಸನಿ ಬರತೈತೇನು?" ಎಂದರು.

ಗಂಡನಿಗೆ ಹೇಳಿದೆ. ಅವರು ಔಷಧ ಅಂಗಡಿಗೆ ಕರೆದೊಯ್ದರು. ಅಂಗಡಿಯವನು ಧೂಳಿನ ಅಲರ್ಜಿ ಎಂದು ಗುಳಿಗೆ ಕೊಟ್ಟ. ಮೂಗಿನ ಡಾಕ್ಟರೂ ನನ್ನ ಊರಿನ ಹೆಸರು ಕೇಳಿದ್ದೇ ನಕ್ಕು, ಅದನ್ನೇ ಬರೆದು ಕೊಟ್ಟರು. ಯಾರ ತಪ್ಪನ್ನೂ ನಾನು ಎತ್ತಿ ಆಡುವುದಿಲ್ಲ. ಬೇರೆ ಯಾವುದೇ ಊರಿನ ಹೆಂಗಸು ನನಗೆ ಸುಟ್ಟ ಮೆಣಸಿನಕಾಯಿ ವಾಸನೆ ಬರುತ್ತಿದೆ ಎಂದರೆ ಮನೆಯವರು ಹುಬ್ಬು ಏರಿಸುತ್ತಾರೆ. ನಮ್ಮೂರಲ್ಲಿ ಅದೊಂದು ಬೇನೆ ಎಂದು ಯಾರಿಗೆ ಹೊಳೆಯಬೇಕು?

ಅತ್ತೆಯ ಶಾಸ್ತ್ರವೇ ಬೇರೆ. ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ, ಬಂದರೆ ಇಲ್ಲ, ಅದು ಲೆಕ್ಕ. ಹಾಕಿದ್ದೇ ತಡ, ಗಂಡ ಕೆಮ್ಮಿದರು, ಅತ್ತೆ ಕೆಮ್ಮಿದರು, ಪಕ್ಕದ ಮನೆಯವರೂ ಗೋಡೆಯಾಚೆ ಕೆಮ್ಮಿದರು. ನಾನೂ ಕೆಮ್ಮಿದೆ. "ದೃಷ್ಟಿ ಇಲ್ಲ ತಗೀ" ಎಂದು ಅತ್ತೆ ಕೈ ತೊಳೆದುಕೊಂಡರು.

ಅತ್ತೆಯ ಇನ್ನೊಂದು ಶಾಸ್ತ್ರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಾರಾದರೂ ಹೊರಟಾಗ ಸೀನು ಬಂದರೆ ಅವರು ಹೊಸ್ತಿಲು ದಾಟಗೊಡುವುದಿಲ್ಲ. ಕೂತು, ನೀರು ಕುಡಿದು, ಆಮೇಲೆ ಹೋಗಬೇಕು. ಆದರೆ ಮೆಣಸಿನಕಾಯಿ ಸುಗ್ಗಿಯಲ್ಲಿ ಮಾತ್ರ ಮಾಫಿ. ಸುಗ್ಗಿಯಲ್ಲಿ ಸೀನಿಗೆ ಶಕುನವಿಲ್ಲ. ಇಲ್ಲದಿದ್ದರೆ ಬ್ಯಾಡಗಿಯಲ್ಲಿ ಯುಗಾದಿಯ ತನಕ ಒಬ್ಬರೂ ಮನೆ ಬಿಟ್ಟು ಹೊರಡುವಂತಿಲ್ಲವಲ್ಲ!

ಸಂಕ್ರಾಂತಿಗೆ ತವರಿಗೆ ಹೋದೆವು. ನನ್ನ ತವರು ಕುಪ್ಪೇಲೂರು. ಅಣ್ಣ, ವೈನಿ, ಅತ್ತೆ, ನಾವು, ಎಲ್ಲ ಒಂದು ಟ್ರ್ಯಾಕ್ಸ್ ಗಾಡಿಯಲ್ಲಿ ಬುತ್ತಿ ಕಟ್ಟಿಕೊಂಡು ಹೊಳೆ ಮೀಯಲು ಗಳಗನಾಥಕ್ಕೆ ಹೋದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ, ಗಟ್ಟಿ ಮೊಸರು. ವರದೆ ಬಂದು ತುಂಗಭದ್ರೆಯನ್ನು ಕೂಡುವ ಜಾಗ. ತಣ್ಣನೆ ಗಾಳಿ, ಎಲ್ಲಿ ನೋಡಿದರೂ ನೀರು, ಮರಳು. ಮೊಣಕಾಲಿನ ತನಕ ನೀರಿನಲ್ಲಿ ನಿಂತು ಮುಖಕ್ಕೆ ನೀರು ಹಾಕಿಕೊಂಡೆ. ಬಂತು. ಕರಕಾದ ಮೆಣಸಿನಕಾಯಿ. ಹೊಟ್ಟೆಯೊಳಗಿಂದ ಎದ್ದಿತು.

ದಂಡೆಯ ಕಡೆ ತಿರುಗಿ ಕೂಗಿದೆ: "ಯಾರರೀ ಬೆಂಕ್ಯಾಗ ಮೆಣಸಿನಕಾಯಿ ಒಗದವರು? ಹಬ್ಬದ ದಿನ ಬುದ್ಧಿ ಬ್ಯಾಡೇನು?"

ವೈನಿ ನನ್ನನ್ನೇ ನೋಡಿದರು. "ಬೆಂಕಿನಽ ಇಲ್ಲಲ್ಲ ಗಿರಿಜಾ. ಎಲ್ಲಾ ಮನ್ಯಾಗ ಮಾಡಿಕೊಂಡ ಬಂದೇವಿ."

ಆಗ ನಾನು ಸುತ್ತ ನೋಡಿದೆ. ಜನ ಮೀಯುತ್ತಿದ್ದರು, ಉಣ್ಣುತ್ತಿದ್ದರು, ಮಕ್ಕಳು ನೀರೆರಚುತ್ತಿದ್ದವು. ಯಾರೂ ಕೆಮ್ಮುತ್ತಿರಲಿಲ್ಲ. ಅಷ್ಟು ದೊಡ್ಡ ಹೊಳೆಯ ದಂಡೆಯಲ್ಲಿ ಒಬ್ಬರೂ ಮೂಗು ಮುಚ್ಚಿಕೊಂಡಿರಲಿಲ್ಲ. ಆ ಕ್ಷಣ ನನಗೆ ಆದ ಹೆದರಿಕೆಯನ್ನು ಹೇಗೆ ಹೇಳಲಿ! ನಡುನೀರಿನಲ್ಲಿ ಕಾಲಡಿಯ ಮರಳು ಸರಿದ ಹಾಗಾಯಿತು.

ಆಮೇಲಿನದು ನನಗೆ ನೆನಪಿಲ್ಲ, ವೈನಿ ಹೇಳಿದ್ದು. ನಾನು ಸುಮ್ಮನೆ ನಿಂತುಬಿಟ್ಟೆನಂತೆ. ಕಣ್ಣು ತೆರೆದೇ ಇತ್ತು. ಬಾಯಿ ಚಪ್ಪರಿಸುತ್ತ, ಸೀರೆಯ ಸೆರಗನ್ನು ಬೆರಳಿನಿಂದ ಹಿಸುಕುತ್ತ ನಿಂತವಳು ಕರೆದರೆ ತಿರುಗಲಿಲ್ಲವಂತೆ. ಗಂಡ ಬಟ್ಟೆಯ ಸಮೇತ ನೀರಿಗಿಳಿದು ತೋಳು ಹಿಡಿದು ತಂದರು. ನನಗೆ ತಿಳಿವು ಬಂದಾಗ ಮರಳಿನ ಮೇಲಿದ್ದೆ. ವೈನಿಯನ್ನು ಕರೆಯಬೇಕು, ವೈನಿ ಎಂಬ ಶಬ್ದ ಸಿಗಲೊಲ್ಲದು. ಮುಖ ಗುರುತಿದೆ, ಹೆಸರಿಲ್ಲ. ಸ್ವಲ್ಪ ಹೊತ್ತಿಗೆ ಅದೂ ತಿರುಗಿ ಬಂತು. ಹೋಳಿಗೆ ಯಾರೂ ಮುಟ್ಟಲಿಲ್ಲ.

ಅಲ್ಲಿಂದ ಸೀದಾ ರಾಣೆಬೆನ್ನೂರು. ಹಬ್ಬವಾದರೂ ಒಬ್ಬ ಡಾಕ್ಟರು ಸಿಕ್ಕರು. ವಯಸ್ಸಾದವರು, ಕಡಿಮೆ ಮಾತಿನವರು. ನಾನು ಘಾಟಿನ ಕತೆ ಹೇಳಿದೆ. ಬೇರೆಯವರ ಹಾಗೆ ನಗಲಿಲ್ಲ.

"ಹೊಳ್ಯಾಗ ನಿಂತಾಗ ಬಂತಂದ್ರಿ. ಬಾಜೂಕಿನವರಿಗೆ ಯಾರಿಗರ ಬಂತೇನು?"

"ಇಲ್ರಿ."

"ಹಂಗಾರ ಅದು ಮೂಗಿನ ಕೆಲಸ ಅಲ್ಲ ತಂಗಿ. ಮಿದುಳಿನಾಗ ವಾಸನಿ ತಿಳಿಯೋ ಜಾಗಾ ಇರತೈತಿ. ಅಲ್ಲಿ ಏನೋ ಕೆಣಕಾಕತ್ತೈತಿ. ಇದು ಒಂದು ಥರದ ಫಿಟ್ಸ್."

ನಾನು ಜಗಳಕ್ಕೆ ನಿಂತೆ. ಫಿಟ್ಸ್ ಎಂದರೆ ಬಾಯಲ್ಲಿ ನೊರೆ ಬರಬೇಕು, ಕೈಕಾಲು ಸೆಟೆಯಬೇಕು, ನನಗೆ ಅದೇನೂ ಇಲ್ಲ ಎಂದೆ. ಅವರು ಕೇಳಿಸಿಕೊಂಡು, ಸಿ.ಟಿ. ಸ್ಕ್ಯಾನಿಗೆ ಚೀಟಿ ಬರೆದರು. ಅದರಲ್ಲಿ ಎಡಗಡೆ, ಕಿವಿಯ ಒಳಭಾಗಕ್ಕೆ, ಮಬ್ಬಾದ ಒಂದು ಕಪ್ಪು ಮಚ್ಚೆ ಕಂಡಿತು. ಇದರಲ್ಲಿ ಸರಿಯಾಗಿ ತಿಳಿಯುವುದಿಲ್ಲ, ದಾವಣಗೆರೆಯಲ್ಲಿ ಎಂ.ಆರ್.ಐ. ಮಾಡಿಸಿ ಎಂದರು. ಟಿ.ಬಿ.ಯ ಗಂಟು ಇರಬಹುದು, ಲಾಡಿಹುಳುವಿನ ಗಂಟು ಇರಬಹುದು, ಗಡ್ಡೆಯೂ ಇರಬಹುದು ಎಂದು ಬಿಡಿಸಿ ಹೇಳಿದರು.

ಹುಳು ಎಂದದ್ದು ಕೇಳಿ ಅತ್ತೆ ಸಿಡಿದೆದ್ದರು. "ನಮ್ಮ ಮನ್ಯಾಗ ತತ್ತಿ ಸೈತ ಮುಟ್ಟಂಗಿಲ್ಲ. ಹುಳ ಎಲ್ಲಿಂದ ಬರತೈತಿ?"

"ತೊಳೀದ ಸೊಪ್ಪಿನಿಂದನೂ ಬರತೈತ್ರಿ ಅವ್ವಾರ" ಎಂದರು ಡಾಕ್ಟರು. ಅತ್ತೆ ಅಂದಿನಿಂದ ಮೆಂತೆಸೊಪ್ಪನ್ನು ತೊಳೆದು ತೊಳೆದು ಅದರ ಬಣ್ಣವನ್ನೇ ತೆಗೆಯತೊಡಗಿದರು.

ಎಂ.ಆರ್.ಐ. ಎಂದರೆ ನನ್ನಂಥವಳಿಗೆ ಶಿಕ್ಷೆ. ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, ಮುಖದ ಮೇಲೆ ಪಂಜರ ಇಟ್ಟು, ಅಲ್ಲಾಡಬೇಡಿ ಎಂದರು. ಬಡಬಡ, ಕಟಕಟ, ಗುಂಯ್ ಎಂದು ಒಂದೇ ಸಮನೆ ಸದ್ದು. ಕಾಲಿನ ಹೆಬ್ಬೆರಳು ಅಲ್ಲಾಡಿಸಿದರೂ ಮೈಕಿನಲ್ಲಿ ಗದರಿಸುತ್ತಿದ್ದರು. ನಡುವೆ ಹೊರಗೆಳೆದು ಕೈಗೆ ಒಂದು ಇಂಜೆಕ್ಷನ್ ಕೊಟ್ಟು ಮತ್ತೆ ಒಳಗೆ ತಳ್ಳಿದರು. ಆ ಔಷಧ ಹೋದ ಮೇಲೆ ಟಿ.ಬಿ. ಗಂಟು, ಹುಳುವಿನ ಗಂಟು ಆಗಿದ್ದರೆ ಹೆಚ್ಚಾಗಿ ಉಂಗುರದ ಹಾಗೆ ಹೊಳೆಯುತ್ತವಂತೆ. ನನ್ನದು ಹೊಳೆಯಲಿಲ್ಲ. ಬೇರೆ ಚಿತ್ರಗಳಲ್ಲಿ ಅದು ಬೆಳ್ಳಗೆ, ಅಂಚು ಸರಿಯಾಗಿ ತಿಳಿಯದ ಹಾಗೆ ಹರಡಿತ್ತು. ನಿಧಾನಕ್ಕೆ ಬೆಳೆಯುವ ಗಡ್ಡೆ ಇದ್ದಂತಿದೆ ಎಂದರು.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂಡಲಾಗಲಿಲ್ಲ. ಫಿಟ್ಸಿನ ಗುಳಿಗೆ ಶುರುವಾಯಿತು. ಶೆಡ್ಡಿಗೆ ಹೋಗುತ್ತಿದ್ದೆ, ಅರ್ಧಕ್ಕೆ ಎದ್ದು ಮನೆಗೆ ಬರುತ್ತಿದ್ದೆ, ಮನೆಯಿಂದ ಮತ್ತೆ ಶೆಡ್ಡಿಗೆ. ಘಾಟು ಬಂದಾಗಲೆಲ್ಲ ಎದುರಿಗಿದ್ದವರ ಮೂಗು ನೋಡುವುದೇ ಕೆಲಸವಾಯಿತು. ಇದು ಚೀಲದ್ದೋ, ನನ್ನದೋ? ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ನನ್ನನ್ನು ಕಂಡರೆ ತಾವಾಗಿಯೇ "ನಮಗೂ ಬಂತ್ರಿ ಅಕ್ಕಾರ" ಎನ್ನತೊಡಗಿದರು. ಬಂದಿತ್ತೋ ಇಲ್ಲವೋ, ನನ್ನ ಸಮಾಧಾನಕ್ಕೆ ಹೇಳುತ್ತಿದ್ದರು. ಅದು ಗೊತ್ತಾಗಿ ಇನ್ನಷ್ಟು ಸಿಟ್ಟು ಬರುತ್ತಿತ್ತು.

ದಾವಣಗೆರೆಯ ಡಾಕ್ಟರು ಒಂದು ದಾರಿ ಹೇಳಿದ್ದರು: ತಲೆಗೆ ಲೋಹದ ಚೌಕಟ್ಟು ಬಿಗಿದು, ಸ್ಕ್ಯಾನ್ ನೋಡಿ ಅಳತೆ ಹಾಕಿ, ಸಣ್ಣ ತೂತಿನಿಂದ ಸೂಜಿ ಇಳಿಸಿ, ಗಡ್ಡೆಯ ಒಂದು ಚೂರು ತೆಗೆದು ಪರೀಕ್ಷೆ ಮಾಡುವುದು. ಪೂರ್ತಿ ತೆಗೆಯುವುದಾದರೆ ಬೆಂಗಳೂರಿಗೆ ಹೋಗಿ ಎಂದಿದ್ದರು. ಹೋಗುವುದು ಎಂದಾಯಿತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಒಬ್ಬ ಹೆಣ್ಣುಮಗಳು, ಮಿದುಳಿನ ಸರ್ಜನ್. ಸೂಜಿಯ ಚೂರಿನಿಂದ ಪೂರ್ತಿ ಗಡ್ಡೆಯ ಸ್ವಭಾವ ತಿಳಿಯದೆ ಹೋಗಬಹುದು, ತೆಗೆಯುವಷ್ಟು ತೆಗೆದರೆ ಪರೀಕ್ಷೆಯೂ ಆಯಿತು, ಚಿಕಿತ್ಸೆಯೂ ಆಯಿತು ಎಂದರು. ಮತ್ತೆ ಒಂದು ಎಂ.ಆರ್.ಐ. ಆಯಿತು. ಈ ಸಲ ಕೊಳವೆಯೊಳಗೆ ಮಲಗಿ, ತೋರಿಸಿದ ಚಿತ್ರಗಳ ಹೆಸರನ್ನು ಬಾಯಿ ಬಿಡದೆ ಮನಸ್ಸಿನಲ್ಲೇ ಹೇಳಬೇಕು. ಹೇಳುವಾಗ ಮಿದುಳಿನ ಯಾವ ಜಾಗ ಕೆಲಸ ಮಾಡುತ್ತದೆ ಎಂದು ಯಂತ್ರ ನೋಡುತ್ತದಂತೆ. ಬಾಯಿ ಬಿಡದೆ ಮಾತಾಡು ಎಂದು ನನಗೆ ಜೀವನದಲ್ಲಿ ಮೊದಲ ಸಲ ಒಬ್ಬರು ಹೇಳಿದ್ದು.

ಆಮೇಲೆ ಪರದೆಯ ಮೇಲೆ ನನ್ನದೇ ತಲೆಯನ್ನು ತೋರಿಸಿದರು. ಮಿದುಳಿನ ನರದ ಎಳೆಗಳಿಗೆ ಕಂಪ್ಯೂಟರು ಕೆಂಪು, ಹಸಿರು, ನೀಲಿ ಬಣ್ಣ ಹಚ್ಚಿತ್ತು. ಗಂಡ ಬಗ್ಗಿ ನೋಡಿ, "ಕಸೂತಿ ದಾರ ಇದ್ದಂಗ ಅದಾವಲ್ಲ" ಎಂದರು. ಅಷ್ಟು ದಿನಕ್ಕೆ ಅವರು ತಾವಾಗಿ ಆಡಿದ ಮೊದಲ ಮಾತು ಅದು. ಡಾಕ್ಟರು ಬೆರಳಿಟ್ಟು ತೋರಿಸಿದರು: ಗಡ್ಡೆಯ ಹಿಂದಿನ ಅಂಚು ಮಾತಿನ ಎಳೆಗಳನ್ನು ಮುಟ್ಟಿತ್ತು.

"ಆಪರೇಷನ್ ನಡುವೆ ನಿಮ್ಮನ್ನು ಎಚ್ಚರ ಮಾಡ್ತೀವಿ. ನೀವು ಮಾತಾಡ್ತಾ ಇರ್ತೀರಿ, ನಾವು ಒಂದೊಂದು ಜಾಗ ಪರೀಕ್ಷೆ ಮಾಡ್ತಾ ತೆಗೀತೀವಿ. ಮಾತು ನಿಲ್ಲೋ ಜಾಗ ಬಂದರೆ ಅಲ್ಲಿ ನಿಲ್ಲಿಸಬೇಕು. ಆಗ ಸ್ವಲ್ಪ ಗಡ್ಡೆ ಉಳಿಯುತ್ತೆ. ಮುಂದೆ ಅದು ಬೆಳೀಬಹುದು, ಹೇಳಕ್ಕಾಗಲ್ಲ. ಇದನ್ನ ನೀವು ಈಗಲೇ ಯೋಚನೆ ಮಾಡಬೇಕು" ಎಂದರು.

ಗಂಡ ತಡಮಾಡಲಿಲ್ಲ. "ಎಲ್ಲಾ ತಗದುಬಿಡ್ರಿ" ಎಂದರು.

ನನಗೆ ಎಲ್ಲಿಂದ ಬಂತೋ ಸಿಟ್ಟು! "ಯಾರದರೀ ತಲಿ? ನಿಮ್ಮದೋ ನಂದೋ?"

"ನೀ ಉಳದ್ರ ಸಾಕು ಗಿರಿಜಾ. ಮಾತಿಲ್ಲದಿದ್ರೂ ನಡೀತೈತಿ."

"ನಿಮಗ ನಡೀತೈತಿ. ನೀವು ಮೊದಲಿಂದನೂ ಮಾತಿಲ್ಲದನ ನಡಸೀರಿ. ನನಗ ನಡಿಯೂದಿಲ್ಲ. ಶೆಡ್ಡಿನಾಗ ನಾ ಕೈಸನ್ನಿ ಮಾಡಿಕೋತ ಕುಂದ್ರಲೇನು? ವೈನಿ ಮಾರಿ ನೋಡಿ ಹೆಸರು ಸಿಗದ ಮರಳಾಗ ಬಿದ್ದಿದ್ದೆನಲ್ಲ, ಹಂಗ ಇಡೀ ಜನ್ಮ ಇರಲೇನು?"

ಗಂಡ ಎದ್ದು ಹೊರಗೆ ಹೋದರು. ನಾನು ಹೋಗಿ ನೋಡಿದರೆ ಮೆಟ್ಟಿಲ ಹತ್ತಿರ ಗೋಡೆಗೆ ಮುಖ ಮಾಡಿ ನಿಂತು ಅಳುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತೆ. ತಿರುಗದೆಯೇ ಹೇಳಿದರು: "ನಿನ್ನ ಮಾತು ಬ್ಯಾಡ ಅಂತ ಅಂದಿಲ್ಲ ನಾ. ನೀ ಸುಮ್ಮನಾದ್ರ ಮನ್ಯಾಗ ಯಾರ ಮಾತಾಡಬೇಕು? ನನಗ ಬರೂದಿಲ್ಲ." ಒಳಗೆ ಬಂದು ಅವರೇ ಡಾಕ್ಟರಿಗೆ ಹೇಳಿದರು, ಅಕಿ ಹೆಂಗ ಹೇಳತಾಳ ಹಂಗ ಮಾಡ್ರಿ ಎಂದು.

ತಾರೀಖು ಕೊಟ್ಟರು. ನಡುವೆ ಒಂದು ಸಲ ಊರಿಗೆ ಬಂದು ಹೋದೆವು. ಹೊರಡುವ ದಿನ ಕುಪ್ಪೇಲೂರಿನಿಂದ ಹೊರಟದ್ದು, ಅಣ್ಣನ ಮನೆಯಿಂದ. ಅಲ್ಲಿ ಅತ್ತೆಯ ಮಾಫಿ ನಡೆಯುವುದಿಲ್ಲ. ಅದು ಬ್ಯಾಡಗಿಗೆ ಮಾತ್ರ. ನಮ್ಮನ್ನು ಕಳಿಸಲು ಬಂದಿದ್ದ ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದವರು ತಟ್ಟನೆ ಮುಖ ತಿರುಗಿಸಿದರು. ನೋಡಿದರೆ, ತಟ್ಟೆಯನ್ನು ಒಂದು ಕೈಗೆ ಬದಲಿಸಿ, ಇನ್ನೊಂದು ಕೈಯಿಂದ ಮೂಗು ಹಿಡಿದುಕೊಂಡಿದ್ದಾರೆ! ಸೀನು ಬಂದಿತ್ತು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಹರಿದರೂ ಬಿಡಲಿಲ್ಲ. ಕಾರು ಓಣಿ ದಾಟುವ ತನಕ ಹಾಗೇ ನಿಂತಿದ್ದರು. ನನ್ನ ಸಲುವಾಗಿ ಒಬ್ಬರು ಸೀನು ತಡೆದರು ಎಂದರೆ ಬೇರೆಯವರಿಗೆ ಹಾಸ್ಯ. ನಾನು ತುಮಕೂರಿನ ತನಕ ಅದನ್ನೇ ನೆನೆದು ಅಳುತ್ತಲೇ ಇದ್ದೆ.

ಆಪರೇಷನ್ನಿನ ಹಿಂದಿನ ದಿನ ಮಾತಿನ ಪರೀಕ್ಷೆ ಮಾಡುವ ಹುಡುಗಿ ಬಂದಳು. ಚಿತ್ರಗಳನ್ನು ತೋರಿಸಿ, ನಾನು ಮನೆಯಲ್ಲಿ ಏನನ್ನುತ್ತೇನೋ ಅದನ್ನೇ ಬರೆದುಕೊಂಡಳು. ತತ್ತಿ, ಕಸಬರಿಗೆ, ಉಳ್ಳಾಗಡ್ಡಿ. ನಾನು ತಡವರಿಸಿದ ಚಿತ್ರಗಳನ್ನು ತೆಗೆದುಹಾಕಿದಳು. ಪ್ರತಿ ಸಲ ಮೊದಲು "ಇದು" ಎನ್ನಬೇಕು, ಆಮೇಲೆ ಹೆಸರು. "ಇದು" ಬಂದು ಹೆಸರು ಬಾರದಿದ್ದರೆ ಬಾಯಿ ಸರಿಯಿದೆ, ಹೆಸರಿನ ಜಾಗಕ್ಕೆ ತಾಗಿದೆ ಎಂದು ಅವರಿಗೆ ತಿಳಿಯುತ್ತದೆ.

ತಲೆಯ ಬುರುಡೆ ತೆರೆಯುವಾಗ ನಾನು ನಿದ್ದೆಯಲ್ಲಿದ್ದೆ. ಎಚ್ಚರಾದಾಗ ಒಂದು ಮಗ್ಗುಲಿಗೆ ಮಲಗಿದ್ದೆ, ತಲೆಯನ್ನು ಕಬ್ಬಿಣದ ಹಿಡಿಯಲ್ಲಿ ಬಿಗಿದಿದ್ದರು, ಮುಖದ ಮುಂದೆ ಹಸಿರು ಬಟ್ಟೆಯ ಗುಡಾರ. ಗುಡಾರದೊಳಗೆ ಆ ಹುಡುಗಿ ಕೂತು ಚಿತ್ರ ಹಿಡಿದಿದ್ದಳು. ನೋವಿಲ್ಲ. ಮಿದುಳಿಗೆ ನೋವು ತಿಳಿಯುವುದಿಲ್ಲವಂತೆ. ನೆತ್ತಿಯ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು. ಹಿಂದಿನಿಂದ ಡಾಕ್ಟರ ದನಿ ಕೇಳುತ್ತಿತ್ತು. ಸಣ್ಣ ಕಡ್ಡಿಯಿಂದ ಮಿದುಳಿನ ಮೇಲೆ ಅಲ್ಲಲ್ಲಿ ಸ್ವಲ್ಪ ಕರೆಂಟು ಮುಟ್ಟಿಸುತ್ತಾರೆ. ಆ ಜಾಗ ಆ ಕ್ಷಣಕ್ಕೆ ಕೆಲಸ ನಿಲ್ಲಿಸುತ್ತದೆ.

"ಇದು ಕಸಬರಿಗಿ. ಇದು ಆಕಳ. ಇದು ಕುಡಗೋಲು." ನಾನು ಪಟಪಟ ಹೇಳುತ್ತ ಹೋದೆ.

ನಡುವೆ ಒಮ್ಮೆ ಬಂತು. ಅಲ್ಲೇ, ಆ ಮೇಜಿನ ಮೇಲೆಯೇ. "ಘಾಟು ಬಂತ್ರಿ! ಮೆಣಸಿನಕಾಯಿ ಸುಟ್ಟದ್ದು! ನಿಮಗ ಬಂತೇನ್ರಿ?"

ಹುಡುಗಿ ನನ್ನ ಕೈ ಹಿಡಿದಳು. "ಇಲ್ಲ ಗಿರಿಜಾ ಅವರೇ, ನಮಗ್ಯಾರಿಗೂ ಬಂದಿಲ್ಲ."

ಡಾಕ್ಟರು ಯಾರಿಗೋ ತಣ್ಣೀರು ಎಂದರು. ಮಿದುಳಿನ ಮೇಲೆ ಐಸಿನಂಥ ನೀರು ಹಾಕಿದರಂತೆ. ಒಲೆಗೆ ನೀರು ಚಿಮುಕಿಸಿದ ಹಾಗೆ ಘಾಟು ಇಳಿದುಹೋಯಿತು. ಮತ್ತೆ ಚಿತ್ರಗಳು. ನನ್ನ ಬಾಯಿ ಒಣಗಿತ್ತು, ಸೊಂಟ ನೋಯುತ್ತಿತ್ತು, ಎದ್ದು ಓಡಬೇಕೆನಿಸುತ್ತಿತ್ತು. ಹುಡುಗಿ ಮತ್ತೊಂದು ಚಿತ್ರ ಹಿಡಿದಳು.

"ಇದು…"

ನೋಡುತ್ತಿದ್ದೇನೆ. ಗೊತ್ತಿದೆ. ನಮ್ಮ ಶೆಡ್ಡಿನ ಮೂಲೆಯಲ್ಲಿ ಒಂದಿದೆ, ಬಿದಿರಿನದು.

"ಇದು… ಅಟ್ಟ ಹತ್ತತಾರಲ್ರಿ… ಇದರ ಮ್ಯಾಲೆ ಕಾಲಿಟ್ಟು… ಇದು… ಇದು…"

ಗಳಗನಾಥದ ಮರಳು ನೆನಪಾಯಿತು. ಮುಗಿಯಿತು, ನನ್ನ ಮಾತು ಹೋಯಿತು ಎಂದುಕೊಂಡೆ. ಡಾಕ್ಟರು ಕಡ್ಡಿ ತೆಗೆದರು.

"ನಿಚ್ಚಣಿಕಿ!" ಎಂದು ಎಷ್ಟು ಜೋರಾಗಿ ಚೀರಿದೆನೆಂದರೆ ಗುಡಾರದ ಬಟ್ಟೆ ಅಲ್ಲಾಡಿತು. ಹಿಂದೆ ಯಾರೋ ನಕ್ಕರು. ಡಾಕ್ಟರು ಅದೇ ಜಾಗಕ್ಕೆ ಮತ್ತೆ ಕರೆಂಟು ಮುಟ್ಟಿಸಿ ನೋಡಿದರು. ಮತ್ತೆ ಹೆಸರು ಹೋಯಿತು, ಮತ್ತೆ ಬಂತು. ಅಲ್ಲಿ ಗುರುತಿಗೆ ಒಂದು ಸಣ್ಣ ಚೀಟಿ ಇಟ್ಟರಂತೆ. "ಇಲ್ಲಿಗೆ ಸಾಕು. ಇದು ಅವರದ್ದು, ಅವರಿಗೇ ಇರಲಿ" ಎಂದರು. ಆ ಮಾತು ನನಗೆ ಸ್ಪಷ್ಟ ಕೇಳಿಸಿತು.

ಗಡ್ಡೆ ಬಹಳಷ್ಟು ಹೊರಗೆ ಬಂತು. ನಿಧಾನದ ಜಾತಿಯದೇ ಎಂದು ಪರೀಕ್ಷೆಯಲ್ಲೂ ಗೊತ್ತಾಯಿತು. ನಿಚ್ಚಣಿಕೆಯ ಜಾಗದಲ್ಲಿ ಸ್ವಲ್ಪ ಉಳಿಯಿತು. ಮೊದಲ ಕೆಲವು ವಾರ ಮಾತು ತೊದಲಿತು. ಆಮೇಲೆ ಸರಿಹೋಯಿತು, ಗಂಡನ ಪ್ರಕಾರ ಬೇಕಾದ್ದಕ್ಕಿಂತ ಹೆಚ್ಚೇ ಸರಿಹೋಯಿತು. ಗುಳಿಗೆ ಮುಂದುವರಿಯಬೇಕು, ತಪ್ಪದೆ ಸ್ಕ್ಯಾನ್ ಮಾಡಿಸಬೇಕು. ಘಾಟು ಮತ್ತೆ ಬಂದರೆ ಕೂಡಲೇ ತಿಳಿಸಬೇಕು ಎಂದರು ಡಾಕ್ಟರು.

ಅಲ್ಲೇ ಬಂತು ನೋಡಿ ಫಜೀತಿ. ಬ್ಯಾಡಗಿಯಲ್ಲಿ ಕೂತು ಘಾಟು ಬಂತೋ ಇಲ್ಲವೋ ಎಂದು ಯಾವ ಲೆಕ್ಕದಲ್ಲಿ ಹೇಳಲಿ? ಡಾಕ್ಟರಿಗೆ ಊರಿನ ವಿಷಯ ಬಿಡಿಸಿ ಹೇಳಿದೆ. ಅವರು ನಕ್ಕು, ಹಾಗಾದರೆ ಸ್ವಲ್ಪ ಕಾಲ ಮೆಣಸಿನಕಾಯಿ ಇಲ್ಲದ ಊರಿನಲ್ಲಿರಿ ಎಂದರು. ರಾಣೆಬೆನ್ನೂರಿನಲ್ಲಿ ಬಾಡಿಗೆ ಮನೆ ಹಿಡಿದೆವು. ಗಂಡ ದಿನವೂ ಹೋಗಿ ಬಂದು ಮಾಡಿದರು; ಬಂದವರೇ ಹಿತ್ತಲಲ್ಲಿ ಅಂಗಿ ಕಳಚಿ, ಸ್ನಾನ ಮಾಡಿ ಒಳಗೆ ಬರುತ್ತಿದ್ದರು, ಘಾಟು ಮನೆ ಹೊಗಬಾರದೆಂದು. ಅತ್ತೆ ಒಗ್ಗರಣೆಗೆ ಹಸಿಮೆಣಸಿನಕಾಯಿ ಹಾಕತೊಡಗಿದರು, ಬೈದುಕೊಳ್ಳುತ್ತ. ಶೆಡ್ಡಿನ ಹೆಂಗಸರು ಫೋನ್ ಮಾಡಿ, "ಅಕ್ಕಾರ, ಫೋನಿನಾಗರ ಒಂದ ಸಲ ಬೈರಿ" ಎನ್ನುತ್ತಿದ್ದರು. ನಾನು ಬೈದು, ಫೋನಿಟ್ಟು, ಮನೆಯೊಳಗೆ ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದೆ. ಆ ಮನೆಯಲ್ಲಿ ಘಾಟು ಒಮ್ಮೆಯೂ ಬರಲಿಲ್ಲ. ಸ್ಕ್ಯಾನಿನಲ್ಲೂ ಉಳಿದದ್ದು ಇದ್ದ ಹಾಗೇ ಇತ್ತು. ಮೊನ್ನೆ ಡಾಕ್ಟರು, ಇನ್ನು ನಿಮ್ಮೂರಿಗೆ ಹೋಗಿ ಎಂದರು. ನೀವು ನಂಬುತ್ತೀರೋ ಇಲ್ಲವೋ, ಅಷ್ಟು ಹಂಬಲಿಸಿದ ಮಾತು ಕೇಳಿ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು.

ಕಾರು ಮಾರುಕಟ್ಟೆಯ ಗೇಟಿನ ಹತ್ತಿರ ನಿಂತಿತು. ಸೋಮವಾರ. ಲಾರಿಗಳು, ಟ್ರ್ಯಾಕ್ಟರುಗಳು, ಕೆಂಪು ರಾಶಿಗಳು. ಗಾಜು ಇನ್ನೂ ಏರಿಯೇ ಇತ್ತು. ಆಗ ಬಂತು. ಎಲ್ಲಿಂದಲೋ ನುಸುಳಿ, ಸೀದಾ ಮೂಗಿಗೆ.

ನನ್ನ ಕೈ ಸೀಟಿನ ಅಂಚನ್ನು ಹಿಡಿಯಿತು. ಹೊಟ್ಟೆಯಲ್ಲಿ ಏಳುತ್ತಿದೆಯೇ? ಏನೋ ಆಗುತ್ತಿದೆ, ಅದು ಹೆದರಿಕೆಯೋ, ಅದೋ, ತಿಳಿಯಲೊಲ್ಲದು. ಗಂಡನ ಮುಖ ನೋಡಿದೆ. ಅವರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಅವರಿಂದ ಏನು ತಿಳಿಯಬೇಕು? ಕೇಳಬಹುದಿತ್ತು. ಆದರೆ ಕೇಳಿದರೆ ನನ್ನ ಸಮಾಧಾನಕ್ಕೆ ಹೂಂ ಎನ್ನುತ್ತಾರೆ. "ನಿಚ್ಚಣಿಕಿ" ಎಂದು ಬಾಯೊಳಗೇ ಹೇಳಿಕೊಂಡೆ. ಹೆಸರು ಇದೆ. ಘಾಟೂ ಇದೆ.

ಹಿಂದೆ ಏನೋ ಸದ್ದಾಯಿತು. ತಿರುಗಿದೆ. ಅತ್ತೆ ಎರಡೂ ಕೈಯಿಂದ ಮೂಗು ಒತ್ತಿ ಹಿಡಿದಿದ್ದರು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ನಾನು ಹೊಸದಾಗಿ ಊರು ಹೊಗುವ ಹೊತ್ತಿಗೆ ಸೀನಬಾರದೆಂದು ತಡೆಯುತ್ತಿದ್ದರು. ತಮ್ಮ ಮಾಫಿಯನ್ನೇ ಮರೆತಿದ್ದರು.

"ಬಿಡ್ರಿ ಅತ್ತೀ!" ಎಂದು ಚೀರಿದೆ. "ಮೂಗು ಬಿಡ್ರಿ! ಸೀನ್ರಿ!"

ಅತ್ತೆ ಕೈ ಬಿಟ್ಟರು. ಕಾರು ಅದುರುವ ಹಾಗೆ ಸೀನಿದರು. ಮತ್ತೊಂದು, ಮಗುದೊಂದು. "ಅಯ್ಯ ಶಿವನಽ, ಏನ್ ಘಾಟವ್ವಾ ಇದು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ನಾನು ಗಾಜು ಪೂರ್ತಿ ಇಳಿಸಿದೆ. ಘಾಟು ಒಳಗೆ ನುಗ್ಗಿತು. ನನಗೂ ಸೀನು ಬಂತು, ಮೂಗು ಕಟ್ಟಿದ ಗಂಡನಿಗೂ ಕೆಮ್ಮು ಬಂತು. ಗೇಟಿನ ಹತ್ತಿರ ನಿಂತ ಹಮಾಲರು ನಮ್ಮನ್ನು ನೋಡಿ ನಗುತ್ತ, ಅವರೂ ಕೆಮ್ಮಿದರು.